ಕಡತದ ಹೆಸರು ಮತ್ತು ಒಳಗಿನ ತಿರುಳು

ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಅಚ್ಚು, ಕುರಿಕಾಲಚ್ಚು, ಬಕೆಟ್ ಎಂದು ಬೆಲ್ಲಕ್ಕೆ ಹಲವು ಹೆಸರುಗಳುಂಟು. ಆದರೆ ಬಲ್ಲ ವರ್ತಕನು ಹೆಸರನ್ನು ಕೇಳಿ ಸುಮ್ಮನಾಗುವುದಿಲ್ಲ. ಚೂರೊಂದನ್ನು ಮುರಿದು, ಬಣ್ಣವನ್ನೂ ಗಟ್ಟಿತನವನ್ನೂ ಪರೀಕ್ಷಿಸಿಯೇ ಬೆಲೆ ಹೇಳುತ್ತಾನೆ. ನಮ್ಮ ಗಣಕಯಂತ್ರದಲ್ಲಿರುವ ಚಿತ್ರ, ಧ್ವನಿ, ಬರಹಗಳ ಕಡತಗಳನ್ನು, ಅಂದರೆ ಫೈಲುಗಳನ್ನು, ವಿಂಗಡಿಸುವಾಗಲೂ ಇದೇ ವಿವೇಕವು ಅವಶ್ಯಕ.

ಈಚೆಗೆ ಮಳವಳ್ಳಿಯ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನ ಸಾವಿರಾರು ಕಡತಗಳನ್ನು ವಿಂಗಡಿಸುವ ತಂತ್ರಾಂಶವೊಂದಕ್ಕೆ ಒಪ್ಪಿಸಿದನು. ಗಗನಚುಕ್ಕಿಯ ಚಿತ್ರಗಳು ಒಂದು ಫೋಲ್ಡರಿಗೂ, ಮದ್ದೂರಿನ ಮದುವೆಯ ವಿಡಿಯೋಗಳು ಇನ್ನೊಂದಕ್ಕೂ ಸೇರಿದವು. ಗುರುತು ಹತ್ತದವು ‘ಇತರ’ ಎಂಬಲ್ಲಿಗೆ ಹೋದವು. ಅವನ್ನು ಅಳಿಸುವ ಮುನ್ನ ಅವನು ನಮಗೆ ತೋರಿಸಿದುದು ಒಳಿತಾಯಿತು. ತೀರಿಕೊಂಡ ಅಜ್ಜಿಯು ಹಾಡಿದ್ದ ಸೋಬಾನೆ ಪದಗಳು ಅಲ್ಲಿಯೇ ಇದ್ದವು!

ಹೀಗೇಕಾಯಿತು? ಕಡತದ ಹೆಸರಿನ ಕೊನೆಯಲ್ಲಿ, ಚುಕ್ಕಿಯ ಬಳಿಕ, ‘ಜೆಪಿಜಿ’, ‘ಎಂಪಿ೩’ ಮುಂತಾದ ಕೆಲವು ಅಕ್ಷರಗಳಿರುತ್ತವೆ. ಆ ತಂತ್ರಾಂಶವು ಇವುಗಳನ್ನು ಮಾತ್ರ ಓದುತ್ತಿತ್ತು. ಹುಡುಗನು ಹೆಸರನ್ನು ‘ಅಜ್ಜಿ ಹಾಡು’ ಎಂದು ಬದಲಿಸಿದಾಗ ಆ ಬಾಲವು ಅಳಿಸಿಹೋಗಿತ್ತು. ಬಾಲವೆಂಬುದು ಮೂಟೆಯ ಮೇಲಣ ಚೀಟಿ. ಚೀಟಿ ಹರಿದರೆ ಬೆಲ್ಲವೇನೂ ಕೆಡುವುದಿಲ್ಲ.

ಒಳಗಿನ ತಿರುಳನ್ನು ಅರಿಯುವುದು ಹೇಗೆ? ಯಾವ ಕಡತವಾದರೂ ೦ಯಿಂದ ೨೫೫ರವರೆಗಿನ ಸಂಖ್ಯೆಗಳ ಒಂದು ಉದ್ದನೆಯ ಸಾಲು. ಒಂದೊಂದು ಸಂಖ್ಯೆಗೂ ಬೈಟ್ ಎಂದು ಹೆಸರು. ಸಾಲಿನ ಮೊದಲ ಕೆಲವು ಬೈಟುಗಳೇ ಅನೇಕ ಬಗೆಗಳಲ್ಲಿ ಮುದ್ರೆಯಂತಿರುತ್ತವೆ. ಜೆಪಿಜಿ ಚಿತ್ರವು ೨೫೫, ೨೧೬, ೨೫೫ ಎಂದೂ, ಪಿಎನ್‌ಜಿ ಚಿತ್ರವು ೧೩೭, ೮೦, ೭೮, ೭೧ ಎಂದೂ, ಪಿಡಿಎಫ್ ಬರಹವು ೩೭, ೮೦, ೬೮, ೭೦ ಎಂದೂ ಆರಂಭವಾಗುತ್ತವೆ. ಅಜ್ಜಿಯ ಹಾಡಿನ ಮೊದಲಲ್ಲಿ ೭೯, ೧೦೩, ೧೦೩, ೮೩ ಇದ್ದವು. ಇದು ಸಾಮಾನ್ಯವಾಗಿ ಧ್ವನಿಗೆ ಬಳಸುವ ‘ಆಗ್’ ಬಗೆಯ ಮುದ್ರೆ. ಬಾಲವನ್ನು ಮರಳಿ ಅಂಟಿಸಿದೊಡನೆ ಹಾಡು ಕೇಳಿಸಿತು. ಹೀಗೆ ಕಡತದ ಬಗೆಯನ್ನು ಪರೀಕ್ಷಿಸಿ ಹೇಳುವ ‘ಫೈಲ್’ ಎಂಬ ಆದೇಶವು ೧೯೭೩ರಷ್ಟು ಹಿಂದೆಯೇ ಯೂನಿಕ್ಸ್ ವ್ಯವಸ್ಥೆಯಲ್ಲಿತ್ತು.

ಮುದ್ರೆಗೂ ಮಿತಿಯುಂಟು. ಜಿಪ್ ಗಂಟೂ ಈಗಿನ ವರ್ಡ್ ಬರಹವೂ ೮೦, ೭೫ ಎಂದೇ ತೊಡಗುತ್ತವೆ. ಭೇದವನ್ನರಿಯಲು ಇನ್ನೂ ಒಳಹೊಕ್ಕು ನೋಡಬೇಕು. ಅಲ್ಲದೆ ಬಗೆಯೊಂದನ್ನೇ ತಿಳಿದರೆ ಸಾಲದು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ೧೯೩೩ರಲ್ಲಿ ದ್ವಿಬಿಂದು ವರ್ಗೀಕರಣವನ್ನು ಪ್ರಕಟಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಇದೇ ಶಾಸ್ತ್ರಕ್ಕಾಗಿ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಒಂದೇ ವಸ್ತುವಿಗೆ ಹಲವು ಮುಖಗಳಿವೆ, ದೇಶ ಮತ್ತು ಕಾಲಗಳೂ ಅವುಗಳಲ್ಲಿ ಸೇರಿವೆ ಎಂಬುದು ಅವರ ತತ್ತ್ವ. ‘ಧ್ವನಿ’ ಎಂಬುದು ಹಾಡಿನ ಒಂದು ಮುಖ ಮಾತ್ರ. ಹಾಡಿದವರಾರು, ಎಲ್ಲಿ, ಯಾವಾಗ ಎಂಬುದನ್ನು ಯಾವ ಮುದ್ರೆಯೂ ಹೇಳಲಾರದು. ಅದನ್ನು ಬಲ್ಲವರು ನಮ್ಮೊಡನಿರುವಾಗಲೇ ಕೇಳಿ ಬರೆದಿಡಬೇಕು.

ಆದುದರಿಂದ ವಾಚಕರಲ್ಲಿ ನಮ್ಮ ಸೂಚನೆಯಿಷ್ಟೆ: ವಿಂಗಡಣೆಗೆ ಮೊದಲು ಎಲ್ಲದರ ಪ್ರತಿಯೊಂದನ್ನು ಬೇರೆಡೆ ಇಡಿರಿ, ಒಳಗನ್ನು ಓದುವ ತಂತ್ರಾಂಶವನ್ನೇ ಆರಿಸಿರಿ, ‘ಇತರ’ ಎಂದುದನ್ನು ತೆರೆದು ನೋಡದೆ ಅಳಿಸದಿರಿ. ಯಂತ್ರಕ್ಕೆ ಗುರುತು ಸಿಗದುದೆಲ್ಲ ಕಸವಲ್ಲ.