ತಾಯಿಯ ಹೆಸರು ತೋರಿಸಿದ ದಾರಿ

ವಿದ್ಯಾರ್ಥಿನಿಯರೇ, ಪೂರ್ವಿಕರ ಚರಿತ್ರೆಯನ್ನು ಅರಸುವವರು ತಂದೆಯ ಹೆಸರೊಂದನ್ನೇ ನಂಬಿದರೆ ದಾರಿ ತಪ್ಪುವುದುಂಟು. ನಮ್ಮ ಗುಬ್ಬಿಯನ್ನು ಕಂಡು ಬರೆದ ಫ್ರಾನ್ಸಿಸ್ ಬುಕನನ್ ಎಂಬಾತನನ್ನೇ ನೋಡಿರಿ. ಆತನು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿ, ಎಡಿನ್‌ಬರೋ ನಗರದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಕಂಪೆನಿಯ ನೌಕರಿಗೆ ಸೇರಿದನು. 1799ರಲ್ಲಿ ಶ್ರೀರಂಗಪಟ್ಟಣವು ಬೀಳಲು, ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸ್ಥಿತಿಗತಿಗಳನ್ನು ತಿಳಿದು ಬರುವಂತೆ ಆತನನ್ನು ಕಳುಹಿಸಿದನು. ಹೋದ ಹೋದ ಊರಿನಲ್ಲಿ ಬೆಳೆ, ನೀರಾವರಿ, ನೇಯ್ಗೆ, ಸಂತೆ ಮೊದಲಾದವುಗಳನ್ನು ವಿಚಾರಿಸಿ ಬರೆದಿಟ್ಟನು. ಬಡ ಹೆಂಗಸರು ಸಂತೆಯಲ್ಲಿ ಹತ್ತಿಯನ್ನು ಕೊಂಡು, ನೂತು, ಆ ನೂಲನ್ನು ನೇಕಾರರಿಗೆ ಮಾರುತ್ತಿದ್ದ ಸಂಗತಿಯೂ ಆತನ ಬರಹದಲ್ಲುಂಟು. ಈ ಒಂದು ಮಾತಿಗಾಗಿಯೇ ಆತನಲ್ಲಿ ನಮಗೆ ಆದರವು.

ಮೂರು ಸಂಪುಟಗಳ ಆ ಪ್ರವಾಸಗ್ರಂಥವು 1807ರಲ್ಲಿ ಬುಕನನ್ ಎಂಬ ಹೆಸರಿನಿಂದಲೇ ಅಚ್ಚಾಯಿತು. ಆದರೆ 1822ರಲ್ಲಿ ಹೊರಬಂದ ಗಂಗಾನದಿಯ ಮೀನುಗಳ ಗ್ರಂಥದ ಮೇಲಿರುವುದು ಹ್ಯಾಮಿಲ್ಟನ್ ಎಂಬ ಹೆಸರು! ಇಬ್ಬರು ಪಂಡಿತರೆಂದು ಯಾರಾದರೂ ಭ್ರಮಿಸಿಯಾರು. ಆತನ ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಬಾರ್ಡೋವಿ ಎಂಬ ಆಸ್ತಿಗೆ ಹಕ್ಕುದಾರಳು. ಆ ಆಸ್ತಿಯು ಮಗನಿಗೆ ಬಂದಾಗ ಆತನು ತಾಯಿಯ ಮನೆತನದ ಹೆಸರನ್ನೇ ಧರಿಸಿದನು. 1829ರಲ್ಲಿ ಮೃತನಾದನು. ಸಸ್ಯಶಾಸ್ತ್ರಜ್ಞರು ಈಗಲೂ ಎರಡು ಹೆಸರುಗಳನ್ನೂ ಜೋಡಿಸಿಯೇ ಬರೆಯುತ್ತಾರೆ.

ನೀವು ನಿಮ್ಮ ವಂಶವೃಕ್ಷವನ್ನು ಬರೆಯುವಾಗ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ ಅವರ ತವರೂರುಗಳನ್ನೂ ಮನೆಯ ಹಿರಿಯರಲ್ಲಿ ಕೇಳಿ ಬರೆದುಕೊಂಡು ಬನ್ನಿರಿ.