ರೊಟ್ಟಿ ಹರಿದದ್ದೇಕೆ? ‘ಆಹಾರದ ಘಟಕಗಳು’ ಪಾಠದ ಒಂದು ಅನುಭವ

ಪ್ರಾಯೋಗಿಕ ಬೋಧನೆಗೆ ನನಗೆ ಸಿಕ್ಕಿದ್ದು ಗಂಗಾವತಿ ತಾಲ್ಲೂಕಿನ ಆನೆಗೊಂದಿ ಸಮೀಪದ ಒಂದು ಶಾಲೆ. ಹೊಳೆಯ ಆಚೆ ಹಂಪಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ನೋಡಲು ಬರುವ ವಿದೇಶಿ ಪ್ರವಾಸಿಗರು ಈ ದಂಡೆಯ ಊರುಗಳಲ್ಲೂ ಉಳಿಯುತ್ತಾರೆ. ಆದ್ದರಿಂದ 6ನೇ ತರಗತಿಯ ‘ಆಹಾರದ ಘಟಕಗಳು’ ಪಾಠಕ್ಕೆ ಪೀಠಿಕೆಯಾಗಿ, ‘ನಮ್ಮೂರಿಗೆ ಬಂದ ಪರದೇಶದವರು ಏನು ಉಣ್ಣುತ್ತಾರೆ?’ ಎಂದು ಕೇಳಿದೆ. ಬ್ರೆಡ್ಡು, ಹಣ್ಣು ಎಂಬ ಉತ್ತರ ಬಂದ ಕೂಡಲೇ ಚಾರ್ಟು ತೋರಿಸುವುದು ನನ್ನ ಯೋಜನೆ.

ಒಬ್ಬ ಹುಡುಗಿ ಎದ್ದು ನಿಂತಳು. ‘ನಮ್ಮನ್ಯಾಗ ಉಳಕೊಂಡಾಕಿ ರೊಟ್ಟಿ ಬಡಿಯಾಕ ಕುಂತಿದ್ಲ್ರಿ ಟೀಚರ್. ಅವರೂರಾಗ ಬ್ರೆಡ್ ತಾನ ಮಾಡ್ತಾಳಂತ. ತಣ್ಣೀರು ಹಾಕಿ ನಾದಿದ್ಲು, ಎಲ್ಲಾ ಹರೀತು. ಅವ್ವ ಎಸರು ಹಾಕು ಅಂದ್ಲು. ಎಸರು ಯಾಕ ಬೇಕ್ರಿ?’

ನಾನು ಕುಷ್ಟಗಿಯವಳು. ರೊಟ್ಟಿ ಬಡಿಯುತ್ತಲೇ ಬೆಳೆದವಳು, ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು. ಉತ್ತರ ಹೊಳೆಯಲಿಲ್ಲ. ‘ಅದು ಈ ಪಾಠದಲ್ಲಿ ಬರುವುದಿಲ್ಲ, ಕುಳಿತುಕೋ’ ಎಂದುಬಿಟ್ಟೆ. ಅವಧಿ ಮುಗಿಯುವವರೆಗೂ ಅವಳು ಮತ್ತೆ ಕೈ ಎತ್ತಲಿಲ್ಲ. ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ಆ ಪ್ರಶ್ನೆ ಪಾಠದ್ದೇ ಆಗಿತ್ತು.

ಮರುದಿನ ಗೋಧಿ ಹಿಟ್ಟು, ಜೋಳದ ಹಿಟ್ಟು ಎರಡನ್ನೂ ತಣ್ಣೀರಿನಲ್ಲಿ ನಾದಿ ಉಂಡೆ ಕಟ್ಟಿಕೊಂಡು ಹೋದೆ. (ಗೋಧಿ ಉಂಡೆ ಅರ್ಧ ಗಂಟೆ ನೆನೆಯಬೇಕು, 40 ನಿಮಿಷದ ಅವಧಿಯಲ್ಲಿ ಇದು ಸಾಗದು.) ಬೋಗುಣಿಯ ನೀರಿನಲ್ಲಿ ಮಕ್ಕಳೇ ತೊಳೆದರು. ಗೋಧಿಯ ನೀರು ಹಾಲಿನಂತಾಯಿತು, ಕೈಯಲ್ಲಿ ರಬ್ಬರಿನಂಥ ಮುದ್ದೆ ಉಳಿಯಿತು. ಅದು ಗ್ಲುಟೆನ್, ಗೋಧಿಯ ಪ್ರೋಟೀನು. ಜೋಳದ ಉಂಡೆ ಪೂರ್ತಿ ಚದುರಿಹೋಯಿತು. ಎರಡೂ ನೀರಿಗೆ ಅಯೋಡಿನ್ ಹಾಕಿದಾಗ ಕಡುನೀಲಿ ಬಣ್ಣ: ಪಿಷ್ಟ ಎರಡರಲ್ಲೂ ಇದೆ. ಜೋಳದಲ್ಲೂ ಪ್ರೋಟೀನ್ ಇದೆ, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಮಾತ್ರ ಇಲ್ಲ. ಇದನ್ನು ಒತ್ತಿ ಹೇಳಬೇಕು, ಇಲ್ಲವಾದರೆ ಜೋಳದಲ್ಲಿ ಪ್ರೋಟೀನೇ ಇಲ್ಲವೆಂದು ಮಕ್ಕಳು ತಿಳಿಯುತ್ತಾರೆ. ಕುದಿಯುವ ಎಸರು ಬಿದ್ದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ರೊಟ್ಟಿ ಹರಿಯದಂತೆ ಹಿಡಿಯುವುದು ಆ ಅಂಟು.

ಮೌಲ್ಯಮಾಪನಕ್ಕೆ ಸಿದ್ಧಪಡಿಸಿದ್ದ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳನ್ನು ಕೈಬಿಟ್ಟು, ಆ ಅತಿಥಿಗೆ ರೊಟ್ಟಿ ಮಾಡುವ ಬಗೆಯನ್ನು ಕಾರಣಸಹಿತ ತಿಳಿಸಿ ಎಂದೆ. ಆ ಹುಡುಗಿ ಬರೆದಳು: ‘ನಿಮ್ಮ ಬ್ರೆಡ್ಡಿನ ಹಿಟ್ಟಿನ್ಯಾಗ ಗ್ಲುಟೆನ್ ಐತಿ, ನಮ್ಮ ಜ್ವಾಳದಾಗ ಇಲ್ಲ. ಅದಕ್ಕ ಎಸರು. ಮದ್ಲ ಚಮಚಾದ್ಲೆ ತಿರುವ್ರಿ, ಕೈ ಸುಡತೈತಿ.’

ಭಾಷೆಯನ್ನು ನಾನು ತಿದ್ದಲಿಲ್ಲ.