ಅಲ್ಪ ವೆಚ್ಚದಲ್ಲಿ ಮಡಕೆ ಸುಡುವ ಬಗೆ

ಶಾಲೆಯಲ್ಲಿ ಮಣ್ಣಿನ ಕೆಲಸ ಕಲಿತ ವಿದ್ಯಾರ್ಥಿಯು ಶಾಲೆ ಬಿಟ್ಟೊಡನೆ ಒಂದು ತೊಡಕಿಗೆ ಸಿಲುಕುವನು. ಮಣ್ಣು ಊರಲ್ಲಿದೆ, ಕೈಯಲ್ಲಿ ಕುಶಲತೆಯಿದೆ. ಸುಡಲು ವಿದ್ಯುತ್ ಆವಿಗೆಯಿಲ್ಲ. ಅದನ್ನು ಕೊಳ್ಳುವುದು ನವಲಗುಂದ, ಕುಂದಗೋಳಗಳ ಹಳ್ಳಿಯ ತರುಣನಿಗೆ ಎಟುಕುವ ಮಾತಲ್ಲ. ಹಾಗಾದರೆ ಕಲಿತ ವಿದ್ಯೆ ಅಲ್ಲಿಗೇ ಮುಗಿಯಬೇಕೆ? ಸುಡುವುದೆಂದರೇನು, ಅದಕ್ಕೆ ಎಷ್ಟು ಶಾಖ ಬೇಕು ಎಂಬುದನ್ನು ಮೊದಲು ವಿಚಾರಿಸೋಣ.

ಹಸಿ ಮಡಕೆಯನ್ನು ಎಷ್ಟೇ ಒಣಗಿಸಿದರೂ ನೀರಿನಲ್ಲಿಟ್ಟರೆ ಅದು ಮರಳಿ ಕೆಸರಾಗುವುದು. ಸುಟ್ಟ ಮಡಕೆ ಕರಗದು. ಜೇಡಿಯಲ್ಲಿ ಎರಡು ಬಗೆಯ ನೀರಿದೆ. ಕಣಗಳ ನಡುವಣ ತೇವವು 100° ಸೆಂಟಿಗ್ರೇಡಿನ ಸುಮಾರಿಗೆ ಆವಿಯಾಗುವುದು. ರಾಸಾಯನಿಕವಾಗಿ ಕೂಡಿಕೊಂಡ ನೀರು ಸುಮಾರು 450°ಯಿಂದ 600°ಯೊಳಗೆ ಹೊರಬೀಳುವುದು. ಇದು ಹೋದ ಮೇಲೆ ಮಡಕೆ ಮತ್ತೆ ಕೆಸರಾಗಲಾರದು. ಹಳ್ಳಿಯ ಮಡಕೆಗಳಿಗೆ 700°ಯಿಂದ 900°ಯಷ್ಟು ಕಾವು ಸಾಕು.

ಈಗ ಲೆಕ್ಕ ಹಾಕೋಣ. ಹತ್ತು ಕಿಲೋಗ್ರಾಂ ಮಡಕೆಗಳನ್ನು 30°ಯಿಂದ 800°ಗೆ ಏರಿಸಬೇಕು. ಜೇಡಿಯ ವಿಶಿಷ್ಟೋಷ್ಣ ಸುಮಾರು 0.24. ಬೇಕಾದ ಶಾಖ 10 × 0.24 × 770, ಎಂದರೆ ಸುಮಾರು 1,850 ಕಿಲೋಕ್ಯಾಲೊರಿ. ನೀರನ್ನು ಹೊರಡಿಸುವ ಶಾಖವನ್ನು ಸೇರಿಸಿದರೂ 3,000ದ ಆಸುಪಾಸು. ಒಂದು ಕಿಲೋಗ್ರಾಂ ಒಣ ಹತ್ತಿಕಟ್ಟಿಗೆಯು ಸುಮಾರು 4,000 ಕಿಲೋಕ್ಯಾಲೊರಿ ಕೊಡುವುದು! ಆದರೂ ಬಯಲಲ್ಲಿ ಸುಡುವಾಗ ಇದರ ಹಲವು ಪಟ್ಟು ಉರುವಲು ವ್ಯಯವಾಗುವುದೇಕೆ? ಶಾಖದ ಬಹುಪಾಲು ಗಾಳಿಯ ಪಾಲಾಗುವುದರಿಂದ. ಆದುದರಿಂದ ಮಿತವ್ಯಯದ ಗುಟ್ಟು ಉರುವಲಿನಲ್ಲಿಲ್ಲ, ಶಾಖವನ್ನು ಹಿಡಿದಿಡುವುದರಲ್ಲಿದೆ.

ಇದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದು ಮರದ ಹೊಟ್ಟಿನ ಆವಿಗೆ. ಗಾರೆಯಿಲ್ಲದೆ ಇಟ್ಟಿಗೆ ಜೋಡಿಸಿ, ಗಾಳಿಗೆ ಸಣ್ಣ ಸಂದುಗಳನ್ನು ಬಿಟ್ಟು, ಮೊಣಕಾಲೆತ್ತರದ ಪೆಟ್ಟಿಗೆ ಕಟ್ಟಬೇಕು. ಬಡಗಿಯ ಅಂಗಡಿಯ ಒಣ ಹೊಟ್ಟನ್ನು ಮಡಕೆಗಳ ಒಳಗೂ ನಡುವೆಯೂ ತುಂಬಿ, ಮೇಲಿನಿಂದ ಕಿಚ್ಚಿಟ್ಟು ತಗಡು ಮುಚ್ಚಬೇಕು. ಕೆಂಡವು ಗಂಟೆಗಟ್ಟಲೆ ಮೆಲ್ಲಗೆ ಕೆಳಗಿಳಿಯುವುದು. ಕಾವು 600°–700°ಯಷ್ಟೇ, ಸಣ್ಣ ಪಾತ್ರೆ, ಬೊಂಬೆಗಳಿಗೆ ತಕ್ಕುದು. ಗಾಳಿ ಸಾಲದೆ ಅವು ಕಪ್ಪಾಗುವುವು.

ಎರಡನೆಯದು ನಮ್ಮ ಕುಂಬಾರರು ಬಲ್ಲ ಮುಚ್ಚಿದ ಆವಿಗೆ. ಕುಳ್ಳು, ಹತ್ತಿಕಟ್ಟಿಗೆಗಳ ಹಾಸಿನ ಮೇಲೆ ಮಡಕೆಗಳನ್ನು ಪೇರಿಸಿ, ಹುಲ್ಲು ಹೊದಿಸಿ, ಒಡೆದ ಬೋಕಿಗಳನ್ನೂ ಕೆಸರನ್ನೂ ಬಳಿದು, ಹೊಗೆಗೆ ಕೆಲವು ಕಿಂಡಿಗಳನ್ನು ಬಿಡುವರು. ಈ ಕೆಸರಿನ ಹೊದಿಕೆಯೇ ಶಾಖಕ್ಕೆ ಕಂಬಳಿ. ಹತ್ತಿ ಬೆಳೆಯುವ ಅಣ್ಣಿಗೇರಿ, ನವಲಗುಂದಗಳಲ್ಲಿ ಕಟ್ಟಿಗೆಯೂ, ಭತ್ತ ಬೆಳೆಯುವ ಕಲಘಟಗಿಯಲ್ಲಿ ಹೊಟ್ಟು ಹುಲ್ಲುಗಳೂ ದೊರೆಯುವುವು.

ಅವಸರ ಮಾತ್ರ ಸಲ್ಲದು. ಒಂದು ಗ್ರಾಂ ನೀರು ಆವಿಯಾದಾಗ ಸುಮಾರು 1.7 ಲೀಟರ್ ಸ್ಥಳ ಬೇಡುವುದು. ತೇವ ಉಳಿದ ಮಡಕೆ ಸಿಡಿಯುವುದು. 573°ಯಲ್ಲಿ ಮರಳಿನ ಬೆಣಚು ಹಠಾತ್ತನೆ ಹಿಗ್ಗುವುದು, ಆರುವಾಗ ಕುಗ್ಗುವುದು. ಆದ್ದರಿಂದ ಆವಿಗೆ ಪೂರ್ತಿ ಆರುವವರೆಗೆ ತೆರೆಯಬಾರದು. ಎರೆಮಣ್ಣು ಒಣಗುವಾಗ ಬಹಳ ಕುಗ್ಗಿ ಬಿರಿಯುವುದು. ಮರಳು ಅಥವಾ ಬೋಕಿಯ ಪುಡಿ ಬೆರೆಸಿ ಹದ ಮಾಡಬೇಕು.

ಇನ್ನೆರಡು ಎಚ್ಚರಿಕೆಗಳು. ಮುಚ್ಚಿದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುವುದು. ಮನೆಯೊಳಗೆ ಎಂದೂ ಸುಡಬಾರದು. ಕಡಿಮೆ ಕಾವಿನಲ್ಲಿ ಹೊಳಪು ಬರುವುದೆಂದು ಸೀಸದ ಲೇಪವನ್ನು ಬಳಸಕೂಡದು. ಹುಣಸೆ, ಮಜ್ಜಿಗೆಗಳ ಹುಳಿಗೆ ಸೀಸವು ಕರಗಿ ಊಟದೊಡನೆ ಹೊಟ್ಟೆ ಸೇರುವುದು.

ಆವಿಗೆ ಗೆದ್ದಿತೆಂದು ತಿಳಿಯುವುದು ಹೇಗೆ? ಅದೇ ಮಣ್ಣಿನ ಒಂದು ಬಿಲ್ಲೆಯನ್ನೂ ಸುಟ್ಟು, ರಾತ್ರಿಯೆಲ್ಲ ನೀರಿನಲ್ಲಿಡಿರಿ. ಬೆಳಗಿಗೆ ಮೆತ್ತಗಾದರೆ ಕಾವು ಸಾಲದು. ಗಟ್ಟಿಯಾಗಿ ಉಳಿದು, ಬಡಿದರೆ ಕಣಕಣಿಸಿದರೆ ಕೆಲಸ ಕೈಗೂಡಿತು. ಹೆಚ್ಚಿನ ತರಬೇತಿ ಬೇಕಾದವರಿಗೆ ನೆರೆಯ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಊರಿನ ಕುಂಬಾರರನ್ನೂ ಕೇಳಿರಿ. ಉಷ್ಣಮಾಪಕವಿಲ್ಲದೆ ಕೆಂಡದ ಬಣ್ಣದಿಂದಲೇ ಕಾವನ್ನು ಅಳೆಯುವ ವಿದ್ಯೆ ಅವರಲ್ಲಿದೆ.